ಮೊದಲ ಉದ್ಯೋಗಕ್ಕೆ ಮೆಟ್ಟಿಲು: ಶಿಶಿಕ್ಷು ತರಬೇತಿ

ಅನುಭವವಿಲ್ಲದೆ ಉದ್ಯೋಗ ದೊರೆಯದು. ಉದ್ಯೋಗವಿಲ್ಲದೆ ಅನುಭವ ದೊರೆಯದು. ಹೊಸದಾಗಿ ಪದವಿ ಪಡೆದ ಗ್ರಾಮೀಣ ಯುವಜನರ ಈ ತೊಡಕಿಗೆ ಇರುವ ಶಾಸನಬದ್ಧ ಪರಿಹಾರವೇ ಶಿಶಿಕ್ಷು ತರಬೇತಿ, ಅಂದರೆ ಅಪ್ರೆಂಟಿಸ್‌ಶಿಪ್.

1961ರ ಶಿಶಿಕ್ಷು ಅಧಿನಿಯಮದ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರು ಹಾಗೂ ಡಿಪ್ಲೊಮಾ ಪಡೆದವರು, 2014ರ ತಿದ್ದುಪಡಿಯಿಂದ ಇತರ ಪದವೀಧರರೂ ಸೇರಿದರು. 2019ರ ನಿಯಮಗಳಂತೆ, 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಯು ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಅದೇ ನಿಯಮಗಳಲ್ಲಿ ಪದವೀಧರರಿಗೆ ಮಾಸಿಕ ಕನಿಷ್ಠ ರೂ. 9,000, ಡಿಪ್ಲೊಮಾದವರಿಗೆ ರೂ. 8,000 ಶಿಷ್ಯವೇತನ ನಿಗದಿಯಾಯಿತು. ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ದರವನ್ನು ಪರಿಶೀಲಿಸಿಕೊಳ್ಳತಕ್ಕದ್ದು.

ಕಾನೂನಿನ ದೃಷ್ಟಿಯಲ್ಲಿ ಶಿಶಿಕ್ಷುವು ತರಬೇತಿಯ ಅಭ್ಯರ್ಥಿಯೇ ಹೊರತು ನೌಕರನಲ್ಲ. ಒಪ್ಪಂದದಲ್ಲಿ ಷರತ್ತು ಇಲ್ಲದ ಹೊರತು ತರಬೇತಿಯ ನಂತರ ಉದ್ಯೋಗ ನೀಡಲು ಸಂಸ್ಥೆ ಬದ್ಧವಲ್ಲ. ಆದ್ದರಿಂದ ಕಾಯಂ ಕೆಲಸದ ಭರವಸೆ ನೀಡಿ ಠೇವಣಿ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯ ಪೋರ್ಟಲ್‌ನಲ್ಲಿ ಅಭ್ಯರ್ಥಿಗಳ ನೋಂದಣಿ ಉಚಿತ.

ಸೇರುವ ಮುನ್ನ ಲಿಖಿತ ಒಪ್ಪಂದವನ್ನು ಓದಿ, ಅವಧಿ, ಶಿಷ್ಯವೇತನ ಮತ್ತು ತರಬೇತಿಯ ವಿಷಯವನ್ನು ಖಚಿತಪಡಿಸಿಕೊಂಡು, ಪ್ರತಿಯನ್ನು ಇಟ್ಟುಕೊಳ್ಳಬೇಕು. ಒಪ್ಪಂದವು ಪೋರ್ಟಲ್‌ನಲ್ಲಿ ದಾಖಲಾಗಿರಬೇಕು. ತರಬೇತಿಯ ವೇಳೆ ಅಪಘಾತದಿಂದ ಗಾಯವಾದರೆ ಪರಿಹಾರ ನೀಡುವ ಹೊಣೆ ಉದ್ಯೋಗದಾತರದು. ದಾಖಲೆಯಿಲ್ಲದಿದ್ದರೆ ಈ ಹಕ್ಕನ್ನು ಸಾಬೀತುಪಡಿಸುವುದು ಕಷ್ಟ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಗಣಕಯಂತ್ರ ಸೌಲಭ್ಯವಿರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ನೋಂದಣಿ ಮಾಡಿಕೊಳ್ಳಬಹುದು. ಅಂಕಪಟ್ಟಿ, ಆಧಾರ್ ಹಾಗೂ ಬ್ಯಾಂಕ್ ಪಾಸ್‌ಬುಕ್ ಜೊತೆಯಲ್ಲಿರಲಿ.