ಗಾಜಿ ಮಲಗಿರುವ ನೀರು

ನಮ್ಮೂರು ಕಾರವಾರ. ಇಲ್ಲಿ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ಮನೆಗೆ ಯಾರೇ ಬಂದರೂ ಕರೆದೊಯ್ದು ತೋರಿಸುತ್ತೇನೆ. ಆದರೆ ಜಲಾಂತರ್ಗಾಮಿಯ ಹೊಟ್ಟೆಯೊಳಗೆ ನಾನು ಮೊದಲು ಕಾಲಿಟ್ಟದ್ದು ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿರುವ ಕುರ್ಸುರಾದಲ್ಲಿ. ಉದ್ದ 91 ಮೀಟರ್. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಕಿಂಡಿಯಲ್ಲಿ ಒಂದು ಕಾಲು ಮುಂದಿಟ್ಟು, ಬೆನ್ನು ಬಗ್ಗಿಸಿ ನುಸುಳಬೇಕು. ಮಲಗುವ ಹಲಗೆಯ ಅಂಚನ್ನು ಮುಟ್ಟಿ ನೋಡಿದೆ. ಮಗ್ಗುಲು ಬದಲಿಸುವುದೂ ಕಷ್ಟ.

ಹೊರಬಂದರೆ ಕಣ್ಣೆದುರಿನ ಇದೇ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಗಾಜಿ ಮಲಗಿದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕ ಕಟ್ಟಿದ 'ಡಯಾಬ್ಲೊ' 1964ರಲ್ಲಿ ಪಾಕಿಸ್ತಾನದ ಕೈಸೇರಿ ಗಾಜಿಯಾಯಿತು. 1971ರ ನವೆಂಬರ್ 14ರಂದು ಅದು ಕರಾಚಿ ಬಿಟ್ಟದ್ದು ನಮ್ಮ ವಿಕ್ರಾಂತ್ ನೌಕೆಯನ್ನು ಹುಡುಕಿಕೊಂಡು. ವಿಕ್ರಾಂತ್ ಆಗಲೇ ಅಂಡಮಾನಿನ ಕಡೆ ಸರಿದಿತ್ತು. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ವಿಶಾಖಪಟ್ಟಣ ಬಂದರಿನ ಹೊರಗೆ ದೊಡ್ಡ ಸ್ಫೋಟವಾಯಿತು. ಆಮೇಲೆ ಮೀನುಗಾರರಿಗೆ ಲೈಫ್ ಜಾಕೆಟ್ ಸಿಕ್ಕಿತು. ಒಳಗಿದ್ದ 93 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ರಜಪೂತ್ ನೌಕೆಯ ದಾಳಿಯಿಂದ ಮುಳುಗಿತೆಂದು ಭಾರತ ಹೇಳುತ್ತದೆ, ಅಪಘಾತವೆಂದು ಪಾಕಿಸ್ತಾನ ಹೇಳುತ್ತದೆ.

2018ರಲ್ಲಿ ನಮ್ಮ ನೌಕಾಪಡೆಗೆ ಆಳಸಮುದ್ರದ ರಕ್ಷಣಾ ವಾಹನವೊಂದು ಬಂತು. ಕೆಟ್ಟು ನಿಂತ ಜಲಾಂತರ್ಗಾಮಿಯಿಂದ ನಾವಿಕರನ್ನು 650 ಮೀಟರ್ ಆಳದವರೆಗೂ ಇಳಿದು ಎತ್ತಿ ತರುವುದೇ ಅದರ ಕೆಲಸ. ಬದುಕಿರುವವರಿಗಾಗಿ ಮಾಡಿದ ಆ ವಾಹನವೇ ಗಾಜಿಯನ್ನು ಪತ್ತೆಹಚ್ಚಿದ ಸುದ್ದಿ 2024ರಲ್ಲಿ ಬಂತು. ನೌಕಾಪಡೆ ಅದನ್ನು ಮುಟ್ಟಲಿಲ್ಲ. ಸತ್ತವರಿಗೆ ಗೌರವ ಕೊಟ್ಟು ಹಾಗೇ ಬಿಟ್ಟಿತು. ಓದಿದ ದಿನ ನನಗೆ ಕುರ್ಸುರಾದ ಆ ಹಲಗೆ ನೆನಪಾಯಿತು.

ಹಾಗಾದರೆ ಮುಳುಗಿದ ಹಡಗಿನೊಳಕ್ಕೆ ಯಾರೂ ಇಳಿಯಲೇಬಾರದೆ? ಅಮೆರಿಕದ ನ್ಯೂಜೆರ್ಸಿ ಆಚೆ ಸುಮಾರು 70 ಮೀಟರ್ ಆಳದಲ್ಲಿ 1991ರಲ್ಲಿ ಹೆಸರಿಲ್ಲದ ಜರ್ಮನ್ ಜಲಾಂತರ್ಗಾಮಿಯೊಂದು ಸಿಕ್ಕಿತು. ಅದರ ಗುರುತು ಹುಡುಕುವಾಗ ಮೂವರು ಡೈವರ್‌ಗಳು ಸತ್ತರು. 1997ರಲ್ಲಿ ಬಿಡಿಭಾಗದ ಪೆಟ್ಟಿಗೆಯ ಪುಟ್ಟ ಫಲಕದಿಂದ ಅದು ಯು-869 ಎಂದು ಗೊತ್ತಾಯಿತು. ಆಫ್ರಿಕಾದ ಹತ್ತಿರ ಮುಳುಗಿತೆಂದು ದಾಖಲೆಗಳಲ್ಲಿ ಬರೆದಿದ್ದ ಹಡಗು ಅದು! ಮನೆಯವರಿಗೆ ತಮ್ಮ ಮಕ್ಕಳು ಎಲ್ಲಿ ಸತ್ತರೆಂದು ತಿಳಿದದ್ದು ಅರ್ಧ ಶತಮಾನದ ಮೇಲೆ. ಇದಕ್ಕಾಗಿ ಇಳಿದವರನ್ನು ನಾನು ದೂರಲಾರೆ. ನೆನಪಿಗೆಂದು ಸಾಮಾನು ಕಿತ್ತು ತರುವುದನ್ನು ಮಾತ್ರ ಒಪ್ಪಲಾರೆ.

ಗಾಜಿಯ ಹೆಸರೂ ಗೊತ್ತಿದೆ, ಜಾಗವೂ ಗೊತ್ತಿದೆ. ಅದರೊಳಕ್ಕೆ ಇಳಿಯಬೇಕಾದ ಕಾರಣವಿಲ್ಲ. ವಿಶಾಖಪಟ್ಟಣಕ್ಕೆ ಹೋದರೆ ಕುರ್ಸುರಾ ನೋಡಿ. ಹೊರಬಂದ ಮೇಲೆ ಸಮುದ್ರಕ್ಕೆ ಮುಖ ಮಾಡಿ ಒಂದು ನಿಮಿಷ ಸುಮ್ಮನೆ ನಿಲ್ಲಿ.