ಚೀಟಿಯಿಲ್ಲದ ಬಾಗಿಲು

೨೦೨೦ರ ಏಪ್ರಿಲ್ ೧೦ರಂದು ಬೆಂಗಳೂರಿನ ಪಶ್ಚಿಮಕ್ಕಿರುವ ಬಾಪೂಜಿನಗರ, ಪಾದರಾಯನಪುರಗಳ ಬೀದಿಗಳನ್ನು ಮುಚ್ಚಲಾಯಿತು. ಕೊರೋನಾ ರೋಗವೆಲ್ಲ ಆ ಬೇಲಿಯೊಳಗೇ ಇದೆಯೆಂದು ಸುತ್ತಲಿನ ಬಡಾವಣೆಗಳವರಿಗೆ ಏನೋ ಒಂದು ಸಮಾಧಾನ. ಆ ದಿನಗಳಲ್ಲಿ ಪರದೇಶದಿಂದ ಬಂದವರ ಕೈಗೆ ಮುದ್ರೆ ಬೀಳುತ್ತಿತ್ತು. ಅವರ ಮನೆಯ ಬಾಗಿಲಿಗೆ ಚೀಟಿ ಅಂಟುತ್ತಿತ್ತು. ಚೀಟಿಯಿದ್ದ ಬಾಗಿಲನ್ನು ಕಂಡವರು ದೂರ ಸರಿದು ನಡೆದರು. ಚೀಟಿಯಿಲ್ಲದ ಬಾಗಿಲಲ್ಲಿ ನಿಂತು ನಿಶ್ಚಿಂತೆಯಿಂದ ಹರಟಿದರು.

ಈ ನಿಶ್ಚಿಂತೆಗೆ ಆಧಾರವಿತ್ತೆ? ಉತ್ತರ ದೊರೆಯಲು ತಿಂಗಳುಗಳೇ ಬೇಕಾದವು. ಸೆಪ್ಟೆಂಬರ್ ೩ರಿಂದ ೧೬ರವರೆಗೆ ರಾಜ್ಯದ ೩೦ ಜಿಲ್ಲೆಗಳಲ್ಲಿ ಆಯ್ದ ಸಾವಿರಾರು ಜನರ ರಕ್ತವನ್ನೂ ಗಂಟಲ ದ್ರವವನ್ನೂ ಪರೀಕ್ಷಿಸಲಾಯಿತು. ವಿಜಯನಗರದ ಮಾರ್ಗದಲ್ಲಿ ಮೆಟ್ರೋ ರೈಲು ಮತ್ತೆ ಓಡತೊಡಗಿದ್ದೂ ಅದೇ ಅವಧಿಯಲ್ಲಿ, ೭ರಂದು. ನವೆಂಬರಿನಲ್ಲಿ ಸರಕಾರ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂತಹುದು. ರಾಜ್ಯದ ೭.೦೭ ಕೋಟಿ ಜನರಲ್ಲಿ ಸುಮಾರು ೧.೯೩ ಕೋಟಿ ಮಂದಿಗೆ ಆಗಲೇ ಸೋಂಕು ತಗುಲಿತ್ತೆಂದು ಅಂದಾಜು. ಆ ವೇಳೆಗೆ ಸರಕಾರದ ಲೆಕ್ಕಕ್ಕೆ ಬಂದಿದ್ದವರಾದರೋ ಐದು ಲಕ್ಷಕ್ಕೂ ಕಡಿಮೆ. ಎಂದರೆ, ಲೆಕ್ಕಕ್ಕೆ ಸಿಕ್ಕ ಒಬ್ಬರಿಗೆ ಲೆಕ್ಕ ತಪ್ಪಿದವರು ಸುಮಾರು ನಲವತ್ತು ಮಂದಿ!

ಹೀಗಾಗಲು ಕಾರಣವೇನು? ಪರೀಕ್ಷೆ ಎಲ್ಲರನ್ನೂ ಮುಟ್ಟಲಿಲ್ಲವೆಂಬುದು ಒಂದು. ವೈರಾಣುವಿನ ಸ್ವಭಾವವೇ ಇನ್ನೊಂದು. ೨೦೦೩ರಲ್ಲಿ ಹಲವು ದೇಶಗಳನ್ನು ನಡುಗಿಸಿದ ಸಾರ್ಸ್ ಇದರ ಹತ್ತಿರದ ಬಂಧು. ಅದು ಬಹುಮಟ್ಟಿಗೆ ರೋಗಿ ಹಾಸಿಗೆ ಹಿಡಿದ ಮೇಲೆ ಹರಡುತ್ತಿತ್ತು. ರೋಗಿಯನ್ನು ಬೇರೆಯಿರಿಸಿ ಅದನ್ನು ತಡೆಯಲು ಸಾಧ್ಯವಾಯಿತು. ಕೊರೋನಾ ಹಾಗಲ್ಲ. ಜ್ವರ ಕಾಣುವ ಒಂದೆರಡು ದಿನ ಮೊದಲೇ ಅದು ಮಾತಿನೊಡನೆ, ಉಸಿರಿನೊಡನೆ ಹೊರಬೀಳುತ್ತದೆ. ಕೆಲವರಿಗೆ ಜ್ವರವೇ ಬರುವುದಿಲ್ಲ. ಕೆಲವರು ಗಂಟಲ ಕೆರೆತವನ್ನು ತಣ್ಣೀರಿನ ದೋಷವೆಂದು ತಳ್ಳಿಹಾಕುತ್ತಾರೆ. ಲಕ್ಷಣವೇ ತೋರದ ಒಬ್ಬೊಬ್ಬರೂ ಹರಡುವುದು ಕಡಿಮೆಯಿರಬಹುದು. ಆದರೆ ಅವರು ಕಚೇರಿಗೂ ಹೋಗುತ್ತಾರೆ, ಮದುವೆಯ ಪಂಕ್ತಿಯಲ್ಲಿಯೂ ಕೂರುತ್ತಾರೆ. ಸಂಜೆ ಮನೆಗೆ ಬಂದು ಅಜ್ಜಿಯ ಪಕ್ಕದಲ್ಲಿಯೂ ಕೂರುತ್ತಾರೆ. ಮೊಮ್ಮಗನಿಗೆ ಏನೂ ಆಗದ ಸೋಂಕು ಅಜ್ಜಿಯ ಪ್ರಾಣಕ್ಕೆ ಎರವಾಗಬಹುದು.

ಹಾಗೆಂದು ನೆರೆಮನೆಯವರನ್ನೆಲ್ಲ ಶಂಕಿಸಬೇಕೆ? ಖಂಡಿತ ಬೇಡ. ತನಗೇ ಅರಿವಿಲ್ಲದುದಕ್ಕೆ ಯಾರನ್ನು ದೂಷಿಸುವುದು? ಮುಂದೆಂದಾದರೂ ಇಂತಹ ಹೊಸ ವೈರಾಣು ಬಂದಾಗ ಎದುರುಮನೆಯ ಬಾಗಿಲಿನ ಚೀಟಿಯನ್ನು ಹುಡುಕುವುದರ ಬದಲು ನಮ್ಮ ಮನೆಯ ಕಿಟಕಿಗಳನ್ನು ತೆರೆದಿಡೋಣ. ಗಂಟಲು ಕೊಂಚ ಕೆರೆದರೂ ಹಿರಿಯರಿಂದ ದೂರ ಕುಳಿತು, ಬಾಯಿ-ಮೂಗುಗಳನ್ನು ಮುಚ್ಚಿಕೊಳ್ಳೋಣ. ಚೀಟಿಯಿಲ್ಲದ ಆ ಬಾಗಿಲು ನಮ್ಮದೇ ಇರಬಹುದಲ್ಲವೆ?