ಕನ್ನಡಿಯಲ್ಲಿ ಅರ್ಧ ನಗು

ಆವತ್ತು ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಾಯಲ್ಲಿ ನಿಲ್ಲಲೇ ಇಲ್ಲ. ಬಲಗಡೆ ತುಟಿಯ ಮೂಲೆಯಿಂದ ಸೋರಿ ಟೀ ಶರ್ಟ್ ಒದ್ದೆಯಾಯ್ತು. ನಿದ್ದೆಗಣ್ಣು ಅಂದುಕೊಂಡೆ. ಕಾಫಿ ಕುಡಿಯುವಾಗಲೂ ಹಾಗೇ ಆಯ್ತು. ಕನ್ನಡಿ ಮುಂದೆ ನಿಂತು ನಕ್ಕು ನೋಡಿದರೆ ಎಡಗಡೆ ಮುಖ ಮಾತ್ರ ನಗುತ್ತಿದೆ, ಬಲಗಡೆಗೆ ವಿಷಯವೇ ಗೊತ್ತಿಲ್ಲ! ಬಲಗಣ್ಣು ಎಷ್ಟು ಒತ್ತಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ.

ಅಮ್ಮ ನನ್ನ ಮುಖ ನೋಡಿ ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟರು. "ನಿಮ್ಮಪ್ಪಂಗೂ ಹೀಗೇ ಅಲ್ವೇನೋ ಆಗಿದ್ದು..."

ಅಪ್ಪನಿಗೆ ಸ್ಟ್ರೋಕ್ ಆಗಿ ಆಗ ಎರಡು ವರ್ಷ. ಊರಲ್ಲಿ ತಿಂಡಿ ತಿನ್ನುವಾಗ ಎಡಗೈಯಿಂದ ಲೋಟ ಜಾರಿತ್ತು, ಮಾತು ಸ್ವಲ್ಪ ತೊದಲಿತ್ತು. ಗ್ಯಾಸ್ ಇರಬೇಕು ಅಂತ ಮಲಗಿಸಿದರು. ಅಮ್ಮ ಫೋನ್ ಮಾಡಿದಾಗ ನಾನು ಮೀಟಿಂಗಲ್ಲಿದ್ದೆ. "ಇವತ್ತು ರೆಸ್ಟ್ ಮಾಡ್ಲಿ ಬಿಡಮ್ಮ" ಅಂದೆ. ಸಂಜೆ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಶುರುವಾಗಿದ್ದು ಎಷ್ಟು ಗಂಟೆಗೆ?" ಉತ್ತರ ಕೇಳಿ ಅವರು ಸುಮ್ಮನಾದರು. ಈಗ ಅಪ್ಪ ನಮ್ಮ ಜೊತೆ ಬೆಂಗಳೂರಲ್ಲೇ ಇದ್ದಾರೆ. ಕೋಲು ಹಿಡಿದು ನಡೀತಾರೆ. ಶರ್ಟಿನ ಗುಂಡಿ ಹಾಕಿಕೊಳ್ಳೋಕೆ ಮಾತ್ರ ಇನ್ನೊಬ್ಬರು ಬೇಕು.

ಹಾಗಾಗಿ ಈ ಸಲ ಕಾಯಲಿಲ್ಲ. ಪಕ್ಕದ ಮನೆ ಆಂಟಿ, "ಬೈಕಲ್ಲಿ ಗಾಳಿ ಹೊಡೆದಿದೆ ಅಷ್ಟೇ, ಲಕ್ವಕ್ಕೆ ಮೊದಲು ನಾಟಿ ಔಷಧಿ ಕೊಡಿಸಿ" ಅಂದರು. ಆಮೇಲೆ ನೋಡೋಣ ಅಂತ ಹೇಳಿ ಆಟೋ ಹತ್ತಿದೆ.

ಹಣೆ ಹೇಳಿದ ಗುಟ್ಟು

ಡಾಕ್ಟರ್ ಕೈ ಎತ್ತಿಸಿದರು, ಮಾತಾಡಿಸಿದರು, ನಡೆಸಿದರು. ಎಲ್ಲ ಸರಿಯಿತ್ತು. ಕೊನೆಗೆ, "ಎರಡೂ ಹುಬ್ಬು ಮೇಲೆತ್ತಿ" ಅಂದರು. ಎಡಗಡೆ ಹಣೆಯಲ್ಲಿ ನೆರಿಗೆ ಬಿತ್ತು. ಬಲಗಡೆ ಹಣೆ ಇಸ್ತ್ರಿ ಮಾಡಿದ ಹಾಗೆ ನುಣ್ಣಗಿತ್ತು. ಅವರ ಮುಖ ಸ್ವಲ್ಪ ಹಗುರಾಯ್ತು.

ಕಾರಣ ಕೇಳಿದಾಗ ನನ್ನೊಳಗಿನ ಇಂಜಿನಿಯರ್‌ಗೆ ಖುಷಿಯಾಯ್ತು. ಮಿದುಳಿನ ಬಲಭಾಗ ದೇಹದ ಎಡಭಾಗವನ್ನು ನಡೆಸುತ್ತೆ, ಎಡಭಾಗ ಬಲವನ್ನು. ಆದರೆ ಹಣೆಗೆ ಮಾತ್ರ ಮಿದುಳಿನ ಎರಡೂ ಕಡೆಯಿಂದ ಸಂಪರ್ಕವಿದೆ. ಒಂದು ಹಾಳಾದರೆ ಇನ್ನೊಂದು ಬ್ಯಾಕಪ್. ಹಾಗಾಗಿ ಮಿದುಳಿನಲ್ಲಿ ಸ್ಟ್ರೋಕ್ ಆದಾಗ ಬಾಯಿ ಸೊಟ್ಟಗಾದರೂ ಹಣೆ ಸಾಮಾನ್ಯವಾಗಿ ಕೆಲಸ ಮಾಡುತ್ತೆ. ಹಣೆಯೂ ಸೇರಿ ಅರ್ಧ ಮುಖ ಪೂರ್ತಿ ನಿಂತಿದ್ದರೆ ತೊಂದರೆ ಹೆಚ್ಚಾಗಿ ಮುಖದ ನರದಲ್ಲೇ ಇರುತ್ತೆ. ಸರ್ವರ್ ಸರಿಯಿದೆ, ಮನೆಗೆ ಬರೋ ಕೇಬಲ್ ಕೆಟ್ಟಿದೆ ಅನ್ನೋ ಹಾಗೆ.

ನನಗಾಗಿದ್ದು ಬೆಲ್ಸ್ ಪಾಲ್ಸಿ. ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ ಹೆಸರಿನ ಕಾಯಿಲೆ. ಮುಖದ ನರ ಕಿವಿಯ ಹಿಂದೆ ಮೂಳೆಯೊಳಗಿನ ಸಣ್ಣ ಕೊಳವೆಯಲ್ಲಿ ಹಾದು ಬರುತ್ತೆ. ಅಲ್ಲಿ ನರ ಊದಿಕೊಂಡರೆ ಹಿಗ್ಗೋಕೆ ಜಾಗವಿಲ್ಲ, ಅಮುಕಿ ಹೋಗುತ್ತೆ. ಇದಕ್ಕೆ ವೈರಸ್ ಕಾರಣ ಇರಬಹುದು ಅನ್ನೋದು ವೈದ್ಯರ ಅನುಮಾನ. ಹಿಂದಿನ ಎರಡು ದಿನ ಕಿವಿ ಹಿಂದೆ ನೋವಿತ್ತು, ಹೆಡ್‌ಫೋನ್ ಹಾಕಿದ್ದಕ್ಕೆ ಅಂದುಕೊಂಡಿದ್ದೆ. ನಾಲಿಗೆ ರುಚಿ ಕೆಟ್ಟಿದ್ದು, ಬಲಗಿವಿಗೆ ಕುಕ್ಕರ್ ಶಬ್ದ ಜೋರಾಗಿ ಕೇಳಿದ್ದು ಎಲ್ಲ ಇದೇ ನರದ ಕೆಲಸ.

ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು ಅಂತ ಅವತ್ತೇ ಕೊಟ್ಟರು. ಅದಕ್ಕೂ ಮೊದಲು ಶುಗರ್ ಇದೆಯಾ ಅಂತ ವಿಚಾರಿಸಿದರು, ಯಾಕಂದ್ರೆ ಸ್ಟೀರಾಯ್ಡ್ ಶುಗರ್ ಏರಿಸುತ್ತೆ. ಮಾತ್ರೆಗಿಂತ ಹೆಚ್ಚು ಒತ್ತಿ ಹೇಳಿದ್ದು ಕಣ್ಣಿನ ಬಗ್ಗೆ. ಮುಚ್ಚದ ಕಣ್ಣು ಒಣಗಿ ಗಾಯವಾಗಬಹುದು. ಹಗಲು ಡ್ರಾಪ್ಸ್, ಹೊರಗೆ ಹೋದರೆ ಕನ್ನಡಕ, ರಾತ್ರಿ ರೆಪ್ಪೆ ಮುಚ್ಚಿ ಟೇಪ್.

ಅರ್ಧಕ್ಕೇ ಯಾಕೆ?

ಒಂದೇ ಕಡೆ ಬರೋ ಕಾಯಿಲೆ ನಮ್ಮ ಮನೆಗಳಿಗೆ ಹೊಸದಲ್ಲ. ಅರೆತಲೆನೋವು ಹೆಸರಲ್ಲೇ ಅರ್ಧ ಇಟ್ಟುಕೊಂಡಿದೆ. ಪಾರ್ಶ್ವವಾಯುವಿನ 'ಪಾರ್ಶ್ವ' ಅಂದ್ರೇನೇ ಒಂದು ಮಗ್ಗುಲು. ಇನ್ನು ಸರ್ಪಸುತ್ತು: ಹಾವು ಸುತ್ತು ಪೂರ್ತಿ ಮಾಡಿದರೆ ಜೀವಕ್ಕೇ ಅಪಾಯ ಅಂತ ಅಜ್ಜಿ ಹೆದರಿಸೋರು. ನಿಜವಾಗಿ ಅದು ಚಿಕ್ಕಂದಿನಲ್ಲಿ ಬಂದ ಸಿಡುಬಿನಂಥ ಚಿಕನ್‌ಪಾಕ್ಸ್‌ನ ವೈರಸ್. ವರ್ಷಗಟ್ಟಲೆ ನರದ ಬುಡದಲ್ಲಿ ಮಲಗಿದ್ದು ಎದ್ದು ಬರುತ್ತೆ. ಆ ನರ ಹರಡಿರೋದು ದೇಹದ ಒಂದೇ ಕಡೆ, ಅದಕ್ಕೇ ಗುಳ್ಳೆಗಳು ಸಾಮಾನ್ಯವಾಗಿ ಮಧ್ಯದ ಗೆರೆ ದಾಟೋದಿಲ್ಲ. ಇದಕ್ಕೂ ಮಾತ್ರೆ ಇದೆ, ಗುಳ್ಳೆ ಬಂದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ.

ಗಡಿಯಾರ ನೋಡಿ

ಹಣೆಯ ಟೆಸ್ಟ್ ಓದಿ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಅದು ಡಾಕ್ಟರ್ ಕೆಲಸ. ನಾವು ನೋಡಬೇಕಾದ್ದು ಮೂರೇ. ನಕ್ಕಾಗ ಮುಖ ಒಂದು ಕಡೆ ಜಾರುತ್ತಾ? ಎರಡೂ ಕೈ ಮುಂದೆ ಚಾಚಿದಾಗ ಒಂದು ಕೆಳಗಿಳಿಯುತ್ತಾ? ಮಾತು ತೊದಲುತ್ತಾ? ಇದರಲ್ಲಿ ಒಂದು ಹಠಾತ್ತಾಗಿ ಕಂಡರೂ ಟೈಮ್ ಬರೆದಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಸಾಧ್ಯವಾದಷ್ಟೂ ಸಿ.ಟಿ. ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗಿ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಅದನ್ನು ಕರಗಿಸೋ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ಕೊಡೋದು ಶುರುವಾದ 4.5 ಗಂಟೆಯೊಳಗೆ ಮಾತ್ರ, ಅದರಲ್ಲೂ ಬೇಗ ಕೊಟ್ಟಷ್ಟೂ ಲಾಭ ಹೆಚ್ಚು.

ಬೆಲ್ಸ್ ಪಾಲ್ಸಿ ಬಂದ ಹೆಚ್ಚಿನವರು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನಾನು ಮೂರು ವಾರ ಕ್ಯಾಮೆರಾ ಆಫ್ ಮಾಡಿಕೊಂಡೇ ಮೀಟಿಂಗ್ ಮಾಡಿದೆ. ನಾಲ್ಕನೇ ವಾರ ತುಟಿಯ ಮೂಲೆ ಸ್ವಲ್ಪ ಅಲುಗಿತು. ಎರಡೂವರೆ ತಿಂಗಳಿಗೆ ನಗು ಪೂರ್ತಿ ವಾಪಸ್ ಬಂತು.

ಮೊದಲು ತೋರಿಸಿದ್ದು ಅಪ್ಪನಿಗೆ. ಅವರು ಬಲಗೈಯಿಂದ ನನ್ನ ಕೆನ್ನೆ ಮುಟ್ಟಿ, "ಬೇಗ ಹೋದೆಯಲ್ಲ, ಒಳ್ಳೇದಾಯ್ತು" ಅಂದರು. ಆ ಮಾತಲ್ಲಿ ಒಂಚೂರೂ ಆಕ್ಷೇಪ ಇರಲಿಲ್ಲ. ನನಗೆ ಮಾತ್ರ ಆ ಮೀಟಿಂಗ್, ಆ ಫೋನ್ ಕಾಲ್ ನೆನಪಾಯ್ತು. ಅವತ್ತು ಆ ಮೀಟಿಂಗಲ್ಲಿ ಏನು ಮಾತಾಡಿದ್ವಿ ಅನ್ನೋದು ಇವತ್ತು ನೆನಪಿಗೂ ಬರ್ತಿಲ್ಲ.